ಒಂದು ಚೂರು

ನಮ್ಮಮ್ಮನ ಲೆಕ್ಕದಲ್ಲಿ 'ಒಂದು ಚೂರು' ಅನ್ನುವುದಕ್ಕೆ ತೂಕವೇ ಇಲ್ಲ. ಸಕ್ಕರೆ ಕಾಯಿಲೆಯ ದೊಡ್ಡಪ್ಪನ ಎಲೆಗೆ ಒಬ್ಬಟ್ಟು ಹಾಕುವಾಗ "ಒಂದು ಚೂರು ತಿಂದ್ರೆ ಏನೂ ಆಗಲ್ಲ ಭಾವ" ಅನ್ನುತ್ತಾಳೆ. ಸಾಕು ಅಂದವರಿಗೆ ಒಂದು ಚೂರು ಅನ್ನ ಅಂದರೆ ಎರಡು ಸೌಟು. ಹಾಗಾಗಿ ಬ್ರೆಡ್ಡಿನ ಒಂದು ಚೂರೂ ಇನ್ನು ಮೇಲೆ ನನ್ನ ಹೊಟ್ಟೆಗೆ ಹೋಗಕೂಡದು ಅಂತ ಐಂಡ್‌ಹೋವನ್ನಿನ ಡಾಕ್ಟರು ಹೇಳಿದ ದಿನ ನನಗೆ ಹತ್ತಿದ ಮೊದಲ ಚಿಂತೆ ಕಾಯಿಲೆಯದ್ದಲ್ಲ. ಇದನ್ನು ಅಮ್ಮನಿಗೆ ಹೇಳೋದು ಹೇಗೆ ಅಂತ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟನ್ ಅಂತ ಒಂದು ಪ್ರೋಟೀನ್ ಇರುತ್ತದೆ. ಹಿಟ್ಟು ನಾದಿದಾಗ ಎಳೆ ಬರುವ ಹಾಗೆ ಮಾಡುವುದು, ಬ್ರೆಡ್ಡನ್ನು ಹತ್ತಿಯಂತೆ ಉಬ್ಬಿಸುವುದು ಅದೇ. ಅದು ಒಳಗೆ ಹೋದರೆ ನನ್ನ ದೇಹ ಶತ್ರು ಬಂದ ಅಂತ ಯುದ್ಧಕ್ಕೆ ನಿಲ್ಲುತ್ತದೆ. ಏಟು ಬೀಳುವುದು ಮಾತ್ರ ನನ್ನದೇ ಸಣ್ಣ ಕರುಳಿಗೆ. ಕರುಳಿನ ಒಳಗೋಡೆಯ ಮೇಲೆ ಮಖಮಲ್ಲಿನ ಜುಂಗಿನ ಹಾಗೆ ಎದ್ದು ನಿಂತಿರಬೇಕಾದ ಸಣ್ಣ ಸಣ್ಣ ಎಳೆಗಳು ಮಲಗಿಬಿಡುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ. ಬಿಡಬೇಕು, ಅಷ್ಟೇ. ಸಾಯುವ ತನಕ.

ಈ ಹೆಸರು ಗೊತ್ತಾಗುವುದಕ್ಕೆ ಮೊದಲು ನನ್ನ ಕಾಯಿಲೆಗೆ ಬೆಂಗಳೂರಿನಲ್ಲಿ ಎಂಟು ವರ್ಷ ಬೇರೊಂದು ಹೆಸರಿತ್ತು: ಗ್ಯಾಸ್ಟ್ರಿಕ್. ನಮ್ಮ ಕಡೆ ಎದೆಯಿಂದ ತೊಡೆಯವರೆಗೆ ಎಲ್ಲಿ ನೋವು ಬಂದರೂ ಅದು ಗ್ಯಾಸ್ಟ್ರಿಕ್ಕೇ. ಓಂಕಾಳು ಅಗಿ, ಜೀರಿಗೆ ಕಷಾಯ ಕುಡಿ, ಟೈಮಿಗೆ ಸರಿಯಾಗಿ ತಿನ್ನು. ರಕ್ತ ಕಡಿಮೆ ಅಂತ ಐರನ್ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಕೊನೆಗೆ ಒಬ್ಬರು ಡಾಕ್ಟರು "ಅನ್ನ ಕಡಿಮೆ ಮಾಡಿ, ರಾತ್ರಿ ಎರಡು ಚಪಾತಿ ತಿನ್ನಿ, ಹೊಟ್ಟೆ ಹಗುರ ಇರುತ್ತೆ" ಅಂದರು. ಮೂರು ವರ್ಷ ಶ್ರದ್ಧೆಯಿಂದ ತಿಂದೆ! ಅವರನ್ನು ಬೈಯುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಾಣಿಸುವುದು ಗೋಧಿ ತಿನ್ನುವ ಪಂಜಾಬ್, ಹರಿಯಾಣದ ಕಡೆ. ತಿಪಟೂರಿನ ಹುಡುಗಿಯ ಹೊಟ್ಟೆಯಲ್ಲಿ ಅದನ್ನು ಯಾರು ಹುಡುಕುತ್ತಾರೆ?

ಗಂಡನ ಕೆಲಸದ ಹಿಂದೆ ನೆದರ್‌ಲ್ಯಾಂಡ್ಸಿಗೆ ಬಂದಮೇಲೆ ಹೊಟ್ಟೆ ಇನ್ನೂ ಕೆಟ್ಟಿತು. ಇಲ್ಲಿ ಮಧ್ಯಾಹ್ನದ ಊಟ ಅನ್ನುವುದೇ ಇಲ್ಲ, ಬ್ರೆಡ್ಡು. ಮ್ಯಾನೇಜರಿನಿಂದ ಹಿಡಿದು ಸ್ಕೂಲಿನ ಮಗುವಿನ ತನಕ ಎಲ್ಲರೂ ಒಂದು ಡಬ್ಬಿಯಲ್ಲಿ ಬ್ರೆಡ್ಡು, ಅದರ ನಡುವೆ ಒಂದು ಹಾಳೆ ಚೀಸ್ ತಂದು ಹದಿನೈದು ನಿಮಿಷದಲ್ಲಿ ತಿಂದು ಮುಗಿಸುತ್ತಾರೆ. ನಾನೂ ಊರಿಗೆ ತಕ್ಕ ಹಾಗೆ ಇರೋಣ ಅಂತ ಅದನ್ನೇ ತಿಂದೆ. ಒಂದೂವರೆ ವರ್ಷದಲ್ಲಿ ಒಂಬತ್ತು ಕಿಲೋ ಇಳಿದೆ. ರಕ್ತ ಪರೀಕ್ಷೆ ಆಯಿತು, ಎಂಡೋಸ್ಕೋಪಿ ಆಯಿತು. ಅದರಲ್ಲೊಂದು ತಮಾಷೆಯಿದೆ. ಅನುಮಾನ ಬಂದಮೇಲೂ ಎಂಡೋಸ್ಕೋಪಿ ಆಗುವ ತನಕ ಬ್ರೆಡ್ಡು ತಿನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಕರುಳು ಸುಧಾರಿಸಿಕೊಂಡು ಸಾಕ್ಷಿ ಅಳಿಸಿಹೋಗುತ್ತದೆ. ವಿಷ ಅಂತ ಗೊತ್ತಿದ್ದೂ ಐದು ವಾರ ದಿನಾ ತಿಂದೆ. ಕೊನೆಯ ದಿನ ಅಳು ಬಂತು, ಹೊಟ್ಟೆನೋವಿಗಲ್ಲ, ಇನ್ನು ಚಿರೋಟಿ ಇಲ್ಲ ಅಂತ.

ರಿಪೋರ್ಟ್ ಬಂದು ಎರಡು ವಾರಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿಗೆ ಹೋದೆ, ಒಬ್ಬಳೇ. ಅದಕ್ಕೆ ಮೊದಲು ನಾಲ್ಕು ಸಲ ಹೋಗಿದ್ದೆ, ನಾಲ್ಕು ಸಲವೂ ಊರಿನಿಂದ ಬಂದ ನೆಂಟರ ಜೊತೆ. ಇಲ್ಲಿರುವ ಕನ್ನಡಿಗರಿಗೆ ಇದೊಂದು ತೆರಿಗೆಯಿದ್ದ ಹಾಗೆ: ಟ್ಯೂಲಿಪ್ ತೋಟ, ಗಾಳಿಗಿರಣಿ, ರೆಂಬ್ರಾಂಟನ 'ನೈಟ್ ವಾಚ್', ವಾಪಸ್ ಟ್ರೈನು. ಈ ಸಲ ರೆಂಬ್ರಾಂಟನ ಕಡೆ ತಿರುಗಿಯೂ ನೋಡಲಿಲ್ಲ. ಹಸಿದವಳ ಕಣ್ಣಿಗೆ ಆ ಅರಮನೆಯಂಥ ಕಟ್ಟಡದ ತುಂಬ ಬ್ರೆಡ್ಡೇ ಕಂಡಿತು.

ಯಾನ್ ಸ್ಟೇನ್ 1658ರಲ್ಲಿ ಬರೆದ ಲೈಡನ್ ಊರಿನ ಬೇಕರಿಯವನ ಚಿತ್ರವಿದೆ. ಅವನು ಹೆಂಡತಿಯ ಜೊತೆ ಅಂಗಡಿ ಬಾಗಿಲಲ್ಲಿ ನಿಂತಿದ್ದಾನೆ, ಪಕ್ಕದಲ್ಲಿ ಹುಡುಗನೊಬ್ಬ ಬಿಸಿ ಬ್ರೆಡ್ ಬಂತು ಅಂತ ಸಾರಲು ಕೊಂಬು ಊದುತ್ತಿದ್ದಾನೆ. ಪೀಟರ್ ಕ್ಲಾಸ್ 1627ರಲ್ಲಿ ಬರೆದ ಊಟದ ಮೇಜಿದೆ. ಬಿಳೀ ಬಟ್ಟೆ ಹಾಸಿದ ಮೇಜು, ಟರ್ಕಿ ಕೋಳಿಯನ್ನು ರೆಕ್ಕೆಪುಕ್ಕ ಸಮೇತ ಮೇಲೆ ಕೂರಿಸಿದ ಕಡುಬಿನಂಥದ್ದು, ಚೀನಾ ಪಿಂಗಾಣಿಯಲ್ಲಿ ಆಲಿವ್, ಅರ್ಧ ಸಿಪ್ಪೆ ಸುಲಿದ ನಿಂಬೆ, ಒಂದು ದುಂಡು ಬ್ರೆಡ್ಡು, ನಮ್ಮ ಶೆಟ್ಟರ ಅಂಗಡಿಯಲ್ಲಿ ಕಟ್ಟಿಕೊಡುತ್ತಿದ್ದರಲ್ಲ ಹಾಗೆ ಕಾಗದ ಸುತ್ತಿದ ಪೊಟ್ಟಣದಲ್ಲಿ ಮೆಣಸು. ಇಂಥ ಚಿತ್ರಗಳಲ್ಲಿ ಎಲ್ಲವನ್ನೂ ಮುಟ್ಟಿ ನೋಡಬಹುದೇನೋ ಅನ್ನುವ ಹಾಗೆ ಬರೆದಿರುತ್ತಾರೆ. ಆದರೆ ಯಾರೂ ಇರುವುದಿಲ್ಲ. ಕತ್ತರಿಸಿದವರು, ಸುಲಿದವರು, ಮುರಿದವರು ಎದ್ದು ಹೋಗಿದ್ದಾರೆ. ಇದೆಲ್ಲ ಬದುಕು ನಶ್ವರ ಅಂತ ಹೇಳುವುದಕ್ಕೆ ಅಂತ ಪಂಡಿತರು ಬರೆದಿದ್ದಾರೆ, ಇರಬಹುದು. ನನಗೆ ಆವತ್ತು ಅನ್ನಿಸಿದ್ದೇ ಬೇರೆ. ಆ ಎರಡು ವಾರದಲ್ಲಿ ಆಫೀಸಿನಲ್ಲಿ ಮೂರು ಹುಟ್ಟುಹಬ್ಬ ಆಗಿದ್ದವು. ಮೂರು ಸಲವೂ ಕೇಕಿನ ಸುತ್ತ ನಿಂತು, ಬೇಡ ಅಂದು, ಯಾಕೆ ಅಂತ ವಿವರಿಸಿ, "ಅಯ್ಯೋ ಪಾಪ" ಅನ್ನಿಸಿಕೊಂಡು ಬಂದಿದ್ದೆ. ಈ ಮೇಜಿನ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ ತಿನ್ನು ಅನ್ನಲಿಲ್ಲ. ಏನೂ ತಿನ್ನದೆ ಒಂದು ಮೇಜಿನ ಮುಂದೆ ನಿಂತಿರುವುದು ಇಲ್ಲಿ ಮರ್ಯಾದಸ್ಥರ ಕೆಲಸ.

ಮುಂದಿನ ಕೋಣೆಯಲ್ಲಿ ಫರ್ಮೇರನ 'ಹಾಲು ಸುರಿಯುವವಳು'. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮೇಲೆ ನೋಡಿ ನೋಡಿ ದೊಡ್ಡದಿರಬಹುದು ಅಂದುಕೊಂಡಿದ್ದೆ. ಎತ್ತರ 45 ಸೆಂಟಿಮೀಟರ್ ಅಷ್ಟೇ, ನಮ್ಮ ದೇವರಮನೆಯ ಲಕ್ಷ್ಮಿ ಫೋಟೋದಷ್ಟು. ಮೇಜಿನ ಮೇಲೆ ಬುಟ್ಟಿಯಲ್ಲೊಂದು ಬ್ರೆಡ್ಡು, ಹೊರಗೆ ಮುರಿದ ತುಂಡುಗಳು. ಕಿಟಕಿಯ ಬೆಳಕು ಬಿದ್ದಲ್ಲೆಲ್ಲ ಫರ್ಮೇರ್ ಬಿಳಿ ಬಿಳಿ ಚುಕ್ಕಿ ಇಟ್ಟಿದ್ದಾನೆ, ರಂಗೋಲಿ ಹಿಟ್ಟು ಉದುರಿದ ಹಾಗೆ. ಎಲ್ಲರೂ ಅದನ್ನು ಬೆಳಕು ಅನ್ನುತ್ತಾರೆ. ನನಗೆ ಕಂಡದ್ದು ಬ್ರೆಡ್ಡಿನ ಪುಡಿ. ಈ ಮೇಜನ್ನು ಮೂರು ಸಲ ಒರೆಸದೆ ಇಲ್ಲಿ ನಾನು ಏನೂ ಇಡುವ ಹಾಗಿಲ್ಲ, ಆ ಹಾಲಿಗೂ ಪುಡಿ ಹಾರಿರುತ್ತದೆ ಅಂತ ಲೆಕ್ಕ ಹಾಕುತ್ತಿದ್ದೇನೆ ಅನ್ನುವುದು ಅರಿವಾಗಿ ಒಬ್ಬಳೇ ನಕ್ಕೆ. ಅವಳು ಒಣಗಿದ ಬ್ರೆಡ್ಡಿಗೆ ಹಾಲು ಹಾಕಿ ಪುಡ್ಡಿಂಗ್ ಮಾಡುತ್ತಿದ್ದಾಳೆ ಅಂತ ಒಂದು ವಾದವಿದೆಯಂತೆ. ಅಲ್ಲಿಗೆ ಹಾಲೂ ಹೋಯಿತು.

ಅಂದಿನಿಂದ ಇದೊಂದು ಆಟವಾಯಿತು. ಯಾವ ಊಟದ ಚಿತ್ರ ಕಂಡರೂ ನನಗೆ ಇಲ್ಲಿ ಏನು ತಿನ್ನಬಹುದು ಅಂತ ನೋಡುವುದು. ಚೀಸ್ ಆಗಬಹುದು, ಆದರೆ ಆ ಚಾಕುವಿನಲ್ಲಿ ಮೊದಲು ಬ್ರೆಡ್ ಕೊಯ್ದಿದ್ದರೆ? ದ್ರಾಕ್ಷಿ ಆದೀತು. ನಿಂಬೆ ಆದೀತು. ಡಚ್ಚರ ಚಿನ್ನದ ಶತಮಾನದಲ್ಲಿ ಹುಟ್ಟಿದ್ದರೆ ನಾನು ನಿಂಬೆಹಣ್ಣು ತಿಂದೇ ಬದುಕಬೇಕಿತ್ತು.

ಬದುಕುತ್ತಲೂ ಇರಲಿಲ್ಲ ಅನ್ನಿ. ಈ ಕಾಯಿಲೆಗೆ ಗೋಧಿಯೇ ಕಾರಣ ಅಂತ ಜಗತ್ತಿಗೆ ತೋರಿಸಿಕೊಟ್ಟವರು ಇದೇ ಬ್ರೆಡ್ಡಿನ ದೇಶದ ಒಬ್ಬ ಮಕ್ಕಳ ಡಾಕ್ಟರು, ವಿಲ್ಲೆಮ್ ಡಿಕ್ಕೆ, ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯಲ್ಲಿದ್ದ ಅವರಿಗೆ 1930ರ ದಶಕದಲ್ಲೇ ಬ್ರೆಡ್ಡಿನ ಮೇಲೆ ಅನುಮಾನವಿತ್ತು. ಅಲ್ಲಿಯವರೆಗೆ ಈ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸುವುದೇ ಹೆಸರಾಂತ ಚಿಕಿತ್ಸೆ, ಗುಣವಾದದ್ದು ಬಾಳೆಹಣ್ಣಿನಿಂದ ಅಂತಲೇ ಎಲ್ಲರ ನಂಬಿಕೆ. 1944–45ರ ಚಳಿಗಾಲದಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಈ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತುಹೋಯಿತು. ಜನ ಟ್ಯೂಲಿಪ್ ಗೆಡ್ಡೆ, ಸಕ್ಕರೆ ಬೀಟ್‌ರೂಟ್ ಬೇಯಿಸಿ ತಿಂದರು. ಸಾವಿರಾರು ಜನ ಹಸಿವಿನಿಂದ ಸತ್ತರು. ಊರೆಲ್ಲ ಸೊರಗುತ್ತಿದ್ದಾಗ ಡಿಕ್ಕೆಯವರ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡರು. ಯುದ್ಧ ಮುಗಿದು ಬ್ರೆಡ್ಡು ಬಂತು, ಮಕ್ಕಳು ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನೆಲ್ಲ ಪ್ರಬಂಧವಾಗಿ ಬರೆದರು. ನಾನು ಆ ಮಕ್ಕಳ ಅಮ್ಮಂದಿರ ಬಗ್ಗೆ ಯೋಚಿಸುತ್ತೇನೆ. ಇಡೀ ಚಳಿಗಾಲ ಕಾದು, ಕೊನೆಗೂ ಕೈಗೆ ಸಿಕ್ಕ ಬ್ರೆಡ್ಡನ್ನು ಮೊದಲು ಮಗುವಿಗೇ ಕೊಟ್ಟಿರುತ್ತಾರೆ.

ಆರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿದರು. ಇಳಿಯಬೇಕಾದಷ್ಟು ಇಳಿದಿಲ್ಲ ಅಂದರು. ನನಗೆ ಸಿಟ್ಟು ಬಂತು. ಮುದ್ದೆ, ಅಕ್ಕಿರೊಟ್ಟಿ, ಇಡ್ಲಿ, ಅನ್ನ ಬಿಟ್ಟು ಏನೂ ಮುಟ್ಟಿಲ್ಲ. ಉಪ್ಪಿಟ್ಟು ಬಿಟ್ಟೆ (ಇದಕ್ಕೆ ಅಷ್ಟೇನೂ ದುಃಖವಾಗಲಿಲ್ಲ), ಶಾವಿಗೆ ಬಿಟ್ಟೆ, ಸೋಯಾ ಸಾಸಿನಲ್ಲೂ ಗೋಧಿ ಅಂತ ಗೋಬಿ ಮಂಚೂರಿಯನ್ನೂ ಬಿಟ್ಟೆ. ಡಯಟಿಷಿಯನ್ ಅಡುಗೆಮನೆಯಲ್ಲಿರುವ ಪ್ರತಿಯೊಂದು ಡಬ್ಬಿಯ ಪಟ್ಟಿ ಮಾಡಿಕೊಂಡು ಬಾ ಅಂದಳು. ಒಂದು ಭಾನುವಾರ ಕೂತು ಬರೆದೆ. ನಲವತ್ತೊಂದು ಡಬ್ಬಿ. ಅವಳು ಬೆರಳಿಟ್ಟು ಕೇಳುತ್ತ ಹೋದಳು, ಇದೇನು, ಇದರಲ್ಲೇನಿದೆ? 'ಸಾರಿನ ಪುಡಿ' ಅನ್ನುವಲ್ಲಿ ನಿಂತಳು. ಅಮ್ಮ ಮಾಡಿ ಕಳಿಸುವುದು ಅಂದೆ. ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಸಾಸಿವೆ, ಇಂಗು.

ಇಂಗು ಅಂದರೆ? ಮನೆಗೆ ಬಂದು ನನ್ನ ಹತ್ತಿರವೇ ಇದ್ದ ಇಂಗಿನ ಡಬ್ಬಿಯ ಬೆನ್ನು ತಿರುಗಿಸಿ ಓದಿದೆ. ನಾವು ಅಂಗಡಿಯಿಂದ ತರುವುದು ಬರೀ ಇಂಗಲ್ಲ. ಅದು ಗಿಡದ ಅಂಟು, ಹಾಗೇ ಬಳಸಿದರೆ ಬಲು ಖಾರ. ಅದನ್ನು ಹಿಟ್ಟಿನ ಜೊತೆ ಬೆರೆಸಿ ಪುಡಿ ಮಾಡಿರುತ್ತಾರೆ. ಬಹುಪಾಲು ಗೋಧಿ ಹಿಟ್ಟು. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಒಗ್ಗರಣೆಗೆ ಬಿದ್ದದ್ದು ಅದೇ. ಮಗಳಿಗೆ ಹೊಟ್ಟೆ ಸರಿ ಇಲ್ಲ ಅಂತ, ಜೀರ್ಣಕ್ಕೆ ಒಳ್ಳೆಯದು ಅಂತ, ಅಮ್ಮ ನನ್ನ ಪಾಲಿನ ಪುಡಿಗೆ ಎರಡು ಚಿಟಿಕೆ ಜಾಸ್ತಿಯೇ ಹಾಕುತ್ತಿದ್ದಳು.

ಹೇಳಲಿಲ್ಲ. ಹೇಗೆ ಹೇಳಲಿ? ಪುಡಿ ಹಾಗೇ ಕಪಾಟಿನಲ್ಲಿಟ್ಟು ಇಲ್ಲೇ ಮೆಣಸು ಜೀರಿಗೆ ಕುಟ್ಟಿ ಸಾರು ಮಾಡತೊಡಗಿದೆ. ಫೋನಿನಲ್ಲಿ ಅಮ್ಮ "ಪುಡಿ ಖಾಲಿ ಆಯ್ತೇನೇ?" ಅಂದರೆ "ಆಗ್ತಾ ಬಂತಮ್ಮ" ಅನ್ನುವುದು. ಅವಳು ಇನ್ನೊಂದು ಕಿಲೋ ಕಳಿಸುವುದು. ಮುಂದಿನ ಪರೀಕ್ಷೆಯಲ್ಲಿ ನಂಬರು ಇಳಿದಿತ್ತು. ಅದನ್ನೂ ಸಂತೋಷವಾಗಿ ಹೇಳಿಕೊಳ್ಳಲಾಗಲಿಲ್ಲ.

2017ರ ಬೇಸಿಗೆಯಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಊರಿಗೆ ಹೋದೆವು. ಸತ್ಯನಾರಾಯಣ ಪೂಜೆ. ಪ್ರಸಾದಕ್ಕೆ ಸಪಾದ: ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು. ಆ ಪೂಜೆಯ ಕಥೆ ಕೇಳಿದವರಿಗೆ ಗೊತ್ತಿದೆ, ಪ್ರಸಾದ ಬಿಟ್ಟು ಹೋದವರಿಗೆ ಏನೇನಾಗುತ್ತದೆ ಅಂತ. ಹಡಗು ಮುಳುಗುತ್ತದೆ. ಅಮ್ಮ ತಟ್ಟೆ ಹಿಡಿದು ಬಂದಳು. ಅತ್ತೆ, ಚಿಕ್ಕಮ್ಮಂದಿರು, ಅಕ್ಕನ ಅತ್ತೆ ಮನೆಯವರು ಎಲ್ಲ ಸಾಲಾಗಿ ಕೂತಿದ್ದಾರೆ. ನಾನು ಎರಡೂ ಕೈಯಲ್ಲಿ ಇಸಕೊಂಡು ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿದ್ದ ಗಂಡನಿಗೆ ಕೊಟ್ಟೆ. ಚಿಕ್ಕಮ್ಮ ನೋಡಿದರು. "ಪ್ರಸಾದಕ್ಕೆ ಇಲ್ಲ ಅನ್ನಬಾರದು ಕಣೇ. ಫಾರಿನ್ನಿಗೆ ಹೋದ ತಕ್ಷಣ ದೇವರೂ ಅಲರ್ಜಿ ಆಗಿಬಿಟ್ನಾ?" ಎಲ್ಲರೂ ನಕ್ಕರು. ಅಮ್ಮ ಬಗ್ಗಿ ಮೆಲ್ಲಗೆ, "ಒಂದು ಚೂರು ಬಾಯಿಗೆ ಹಾಕ್ಕೋ. ದೇವರ ಪ್ರಸಾದ, ಏನೂ ಆಗಲ್ಲ" ಅಂದಳು.

ಹಾಕಿಕೊಂಡೆ. ಕಡಲೆಕಾಳಿನಷ್ಟು. ಏನು ರುಚಿ ಅಂತೀರಿ! ಆ ಮೂರು ದಿನ ನಾನು ಅಕ್ಕನ ಹೊಸ ಮನೆಯ ಬಚ್ಚಲಿಗೂ ಹಾಸಿಗೆಗೂ ಮಾತ್ರ ಗೃಹಪ್ರವೇಶ ಮಾಡಿದ್ದು. ಆ ಚೂರೇ ಕಾರಣವೋ, ಬೇರೆ ಎಲ್ಲಾದರೂ ಏನಾದರೂ ಸೇರಿತ್ತೋ, ಆಣೆ ಮಾಡಿ ಹೇಳಲಾರೆ. ಮೂರನೆಯ ರಾತ್ರಿ ಅಮ್ಮ ಗಂಜಿ ತಂದಳು. ಮೇಲೆ ಘಮ್ ಅಂತ ಒಗ್ಗರಣೆ.

"ಇಂಗು ಹಾಕಿದೀಯಾ?"

"ಹಾಕಿದೀನಿ. ಹೊಟ್ಟೆಗೆ ಒಳ್ಳೇದು."

ಆಗ ಹೇಳಿಬಿಟ್ಟೆ. ಡಬ್ಬಿಗಳ ಪಟ್ಟಿ, ಸಾರಿನ ಪುಡಿ, ಕಪಾಟಿನಲ್ಲಿ ಕೂತಿರುವ ಎರಡು ಕಿಲೋ, ಎಲ್ಲ. ಅಮ್ಮ ಮಾತಾಡಲಿಲ್ಲ. ಎದ್ದು ಹೋಗಿ ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿ ಲೈಟಿನ ಕೆಳಗೆ ಹಿಡಿದು ಓದಿದಳು. ಅಕ್ಷರ ಸಣ್ಣದು, ಅಕ್ಕನ ಮಗನನ್ನು ಕರೆದು ಓದಿಸಿದಳು. ಆಮೇಲೆ ಆ ಗಂಜಿಯನ್ನು ತಾನೇ ಕುಡಿದು ಮಲಗಿದಳು. ಬೆಳಿಗ್ಗೆ ಅವಳ ಕಣ್ಣು ಊದಿತ್ತು. ನಾನು ಹೇಳಬಾರದಿತ್ತು ಅಂತಲೂ ಅನ್ನಿಸಿತು, ಎಂಟು ತಿಂಗಳು ಮೊದಲೇ ಹೇಳಬೇಕಿತ್ತು ಅಂತಲೂ ಅನ್ನಿಸಿತು. ಈಗಲೂ ಎರಡೂ ಅನ್ನಿಸುತ್ತದೆ.

ಮರುವರ್ಷ ಅಮ್ಮ ಐಂಡ್‌ಹೋವನ್ನಿಗೆ ಬಂದಳು. ಸೂಟ್‌ಕೇಸ್ ತೆಗೆದರೆ ಇಪ್ಪತ್ತೆರಡು ಪೊಟ್ಟಣ, ಪ್ರತಿಯೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ದಪ್ಪಗೆ 'ಇಂಗಿಲ್ಲ'. ಸಾರಿನ ಪುಡಿ, ಇಂಗಿಲ್ಲ. ಹುಳಿ ಪುಡಿ, ಇಂಗಿಲ್ಲ. ರಾಗಿ ಹಿಟ್ಟು, ಇಂಗಿಲ್ಲ. ಕಡಲೆಬೀಜದ ಮೇಲೂ ಬರೆದಿದ್ದಳು. ರಾಗಿಯನ್ನು ಗಿರಣಿಗೆ ಕೊಟ್ಟಿರಲಿಲ್ಲ, ಅಲ್ಲಿ ಗೋಧಿಯನ್ನೂ ಬೀಸುತ್ತಾರೆ ಅಂತ ಮನೆಯಲ್ಲೇ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಪುಡಿ ಮಾಡಿ ಜರಡಿ ಹಿಡಿದಿದ್ದಳಂತೆ. ನಾನು ಇದನ್ನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ತೆರಿಗೆ ತಪ್ಪಿಸುವ ಹಾಗಿಲ್ಲವಲ್ಲ, ಅವಳನ್ನೂ ಆಮ್‌ಸ್ಟರ್‌ಡ್ಯಾಮಿಗೆ ಕರಕೊಂಡು ಹೋದೆ. ಈ ಸಲ ವ್ಯಾನ್ ಗೋ ಮ್ಯೂಸಿಯಂ. ಅವಳಿಗೆ ಸೂರ್ಯಕಾಂತಿ ಹೂವು ತೋರಿಸುವುದು ನೆಪ, ನನಗೆ ನೋಡಬೇಕಿದ್ದದ್ದು 'ಆಲೂಗಡ್ಡೆ ತಿನ್ನುವವರು'. ಆ ಚಿತ್ರ ಒಂದು ರೀತಿಯಲ್ಲಿ ನಮ್ಮೂರಿನದ್ದು. ವ್ಯಾನ್ ಗೋ 1885ರಲ್ಲಿ ಅದನ್ನು ಬರೆದದ್ದು ನ್ಯೂನೆನ್ನಿನಲ್ಲಿ. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆ. ಅವನಪ್ಪ ಪಾದ್ರಿಯಾಗಿದ್ದ ಮನೆ ಇನ್ನೂ ಇದೆ. ಆ ಊರಿನ ದ ಗ್ರೋಟ್ ಅನ್ನುವ ಬಡ ರೈತರ ಗುಡಿಸಲಲ್ಲಿ ಕೂತು, ಒಂದು ಚಳಿಗಾಲ ಪೂರ್ತಿ ರೈತರ ಮುಖ, ಕೈಗಳನ್ನು ಬರೆದು ಬರೆದು ಅಭ್ಯಾಸ ಮಾಡಿ ಕೊನೆಗೆ ಬರೆದ. ಆಲೂಗಡ್ಡೆ ತೆಗೆದುಕೊಳ್ಳುತ್ತಿರುವ ಕೈಗಳೇ ಮಣ್ಣು ಅಗೆದ ಕೈಗಳು ಅಂತ ನೋಡಿದವರಿಗೆ ಅನ್ನಿಸಬೇಕು ಅಂತ ತಮ್ಮನಿಗೆ ಕಾಗದ ಬರೆದಿದ್ದ. ಗೆಳೆಯನೊಬ್ಬ ಇದೇನು ಹೀಗೆ ಬರೆದಿದ್ದೀಯ ಅಂತ ಆಡಿಕೊಂಡದ್ದಕ್ಕೆ ಸ್ನೇಹವೇ ಹಳಸಿತು. ಅದೇ ವರ್ಷದ ಕೊನೆಗೆ ಆಂಟ್‌ವರ್ಪಿಗೆ ಹೋದವನು ಕೈಯಲ್ಲಿದ್ದ ದುಡ್ಡನ್ನೆಲ್ಲ ಬಣ್ಣಕ್ಕೆ ಹಾಕಿ, ಹೆಚ್ಚಾಗಿ ಬ್ರೆಡ್ಡು ಕಾಫಿಯ ಮೇಲೇ ದಿನ ದೂಡಿದ.

ಅಮ್ಮನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಕಾಲುನೋವು ಅಂತಿದ್ದವಳು ಆ ಚಿತ್ರದ ಮುಂದೆ ಸುಮಾರು ಹೊತ್ತು ನಿಂತಳು. ಹೊಗೆ ಹಿಡಿದ ಕತ್ತಲೆ ಮನೆ, ಮೇಲೊಂದು ದೀಪ, ಮೇಜಿನ ಸುತ್ತ ಐದು ಜನ, ನಡುವೆ ಹಬೆಯಾಡುವ ಆಲೂಗಡ್ಡೆ. ಬಲಗಡೆ ಮುದುಕಿಯೊಬ್ಬಳು ಕಾಫಿ ಬಗ್ಗಿಸುತ್ತಿದ್ದಾಳೆ.

"ಇವಳು ಯಾರ ಮುಖಾನೂ ನೋಡ್ತಿಲ್ಲ ನೋಡು," ಅಂದಳು ಅಮ್ಮ. "ಎಲ್ಲರ ಲೋಟಕ್ಕೂ ಸಮ ಬರಬೇಕಲ್ಲ, ಅದೇ ಯೋಚನೆ ಅವಳಿಗೆ."

ನಾನು ಎಷ್ಟು ಪುಸ್ತಕದಲ್ಲಿ ಈ ಚಿತ್ರ ನೋಡಿದ್ದೆ. ಆ ಮುದುಕಿಯ ಕಣ್ಣು ಎಲ್ಲಿದೆ ಅಂತ ಗಮನಿಸಿರಲಿಲ್ಲ.

"ಬರೀ ಆಲೂಗಡ್ಡೇನಾ? ಬೇರೆ ಏನೂ ಇಲ್ವಾ?"

"ಇಲ್ಲಮ್ಮ. ಅಷ್ಟೇ."

"ಬ್ರೆಡ್ ಗಿಡ್ ಇಲ್ವಲ್ಲ?"

"ಇಲ್ಲ."

"ಹಂಗಾದ್ರೆ ಇವರ ಮನೇಲಿ ನೀನು ಧಾರಾಳವಾಗಿ ಊಟ ಮಾಡಬಹುದು," ಅಂದಳು. ನಾನು ನಗುವುದರೊಳಗೆ ಕನ್ನಡಕ ಸರಿ ಮಾಡಿಕೊಂಡು ಇನ್ನೂ ಹತ್ತಿರ ಬಗ್ಗಿದಳು. ಗಾರ್ಡ್ ಹಿಂದಿನಿಂದ ಕೆಮ್ಮಿದ. ಅಮ್ಮ ಅವನ ಕಡೆ ನೋಡಲಿಲ್ಲ, ಮುದುಕಿಯ ಕೈಯಲ್ಲಿದ್ದ ಕಾಫಿ ಪಾತ್ರೆಯನ್ನೇ ನೋಡುತ್ತಿದ್ದಳು.

"ಆ ಕಾಫಿಗೆ ಏನು ಬೆರೆಸಿದಾರೋ, ಅದೊಂದು ಕೇಳ್ಕೋಬೇಕು ಕಣೇ."